ಕಲ್ಲಿನ ಗಾತ್ರ ಗೊತ್ತು, ಸಂಕಟದ ಗಾತ್ರ?

ಮೂತ್ರಪಿಂಡದಲ್ಲಿ ಕಲ್ಲಿದೆ ಎಂದ ಕೂಡಲೇ ನಾವು ವೈದ್ಯರು ಮೊದಲು ನೋಡುವುದು ಅದರ ಅಳತೆಯನ್ನು. ಸ್ಕ್ಯಾನ್ ವರದಿಯಲ್ಲಿ 4 ಮಿ.ಮೀ. ಎಂದಿದ್ದರೆ 'ಚಿಕ್ಕದು, ಚೆನ್ನಾಗಿ ನೀರು ಕುಡಿಯಿರಿ, ತಾನಾಗಿಯೇ ಬಿದ್ದು ಹೋಗುತ್ತದೆ' ಎಂದು ಕಳಿಸುತ್ತೇವೆ. ಬಹಳ ಸಲ ಹಾಗೆಯೇ ಆಗುತ್ತದೆ ಕೂಡ. ಆದರೆ ಅದೇ ಚಿಕ್ಕ ಕಲ್ಲು ನಾಳಕ್ಕೆ ಜಾರಿ ಸಿಕ್ಕಿಕೊಂಡರೆ ರೋಗಿ ರಾತ್ರಿಯಿಡೀ ಹೊರಳಾಡುತ್ತಾನೆ. ಒಳಗೇ ಕುಳಿತ 15 ಮಿ.ಮೀ. ಕಲ್ಲು ವರ್ಷಗಟ್ಟಲೆ ತೊಂದರೆ ಕೊಡದೆ ಇದ್ದುಬಿಡಬಹುದು.

ಹಾಗಾದರೆ ರೋಗಿಯ ಪಾಡನ್ನು ಅಳೆಯುವುದು ಹೇಗೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಪೆನಿಸ್ಟನ್ ಮತ್ತು ಸ್ಟೀಫನ್ ನಕಾಡ ಇದಕ್ಕೆಂದೇ 28 ಪ್ರಶ್ನೆಗಳ ಪಟ್ಟಿಯೊಂದನ್ನು 2013ರಲ್ಲಿ ಪ್ರಕಟಿಸಿದರು. ನಿದ್ರೆ ಕೆಡುತ್ತಿದೆಯೆ, ಆಯಾಸವೆ, ಕೆಲಸ ತಪ್ಪುತ್ತಿದೆಯೆ, ಮುಂದೇನೋ ಎಂಬ ಚಿಂತೆಯಿದೆಯೆ ಎಂಬಂಥ ಪ್ರಶ್ನೆಗಳು. ಉತ್ತರಗಳಿಗೆ ಅಂಕ, ಅಂಕ ಹೆಚ್ಚಿದಷ್ಟೂ ಬದುಕು ಸಲೀಸು. ಎಲ್ಲ ಕಾಯಿಲೆಗೂ ಹೊಂದುವ 'ಎಸ್.ಎಫ್.-36' ಎಂಬ ಪಟ್ಟಿ ಮೊದಲೇ ಇತ್ತು, ಅದರ ಪರ್ಷಿಯನ್ ರೂಪವೂ 2005ರಲ್ಲಿ ಬಂದಿತ್ತು. ಆದರೆ ಕಲ್ಲಿನವರನ್ನು ಕಾಡುವ 'ಮತ್ತೆ ಬಂದೀತೆ?' ಎಂಬ ಭಯ ಅದರೊಳಗೆ ಸಿಕ್ಕುವುದಿಲ್ಲ.

ಇರಾನಿನಂಥ ಬಿಸಿಲ ನಾಡಿನಲ್ಲಿ ಬೆವರು ಹೆಚ್ಚು, ಮೂತ್ರ ಗಟ್ಟಿ, ಕಲ್ಲಿನ ಕಾಟವೂ ಹೆಚ್ಚು. ಅಲ್ಲಿನವರಿಗೆ ಅವರದೇ ಮಾತಿನಲ್ಲಿ ಪ್ರಶ್ನೆ ಕೇಳಬೇಕು. ನಿಘಂಟು ಹಿಡಿದು ತಿರುಗಿಸಿದರೆ ಮುಗಿಯಿತಲ್ಲ ಎನ್ನುತ್ತೀರಾ? ಪರ್ಷಿಯನ್ನಿನ 'ದೆಲ್' ಎಂಬ ಪದ ನೋಡಿ. ಅದು ಹೃದಯವೂ ಹೌದು, ಮನಸ್ಸೂ ಹೌದು, ಹೊಟ್ಟೆಯೂ ಹೌದು. 'ದೆಲ್‌ದರ್ದ್' ಎಂದರೆ ಹೊಟ್ಟೆನೋವು. 'ದೆಲ್‌ತಂಗಿ' ಎಂದರೆ ದೂರವಾದವರನ್ನು ನೆನೆದು ಆಗುವ ಬೇಸರ! ನಮ್ಮಲ್ಲಿಯೂ 'ನಿಮಗೆ ಹೊಟ್ಟೆಯುರಿಯೆ?' ಎಂದು ಕೇಳಿದರೆ ಕೆಲವರು ಜಗಳಕ್ಕೇ ನಿಂತಾರು. ಅಷ್ಟೇಕೆ, ನೋವೆಂಬ ಅರ್ಥದ ಪರ್ಷಿಯನ್ 'ದರ್ದ್' ಕನ್ನಡಕ್ಕೆ ಬಂದು 'ನನಗೇನು ದರ್ದು?' ಎಂಬಲ್ಲಿ ಅಗತ್ಯವೆಂಬ ಅರ್ಥ ಪಡೆದಿದೆ.

ಆದ್ದರಿಂದ ಇಂಥ ಅನುವಾದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಒಬ್ಬರು ಅನುವಾದಿಸುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರುತ್ತಾರೆ. ಎರಡನ್ನೂ ಹೋಲಿಸಿ, ರೋಗಿಗಳಿಗೆ ಕೊಟ್ಟು, ಕೆಲ ದಿನ ಬಿಟ್ಟು ಅವರನ್ನೇ ಮತ್ತೆ ಕೇಳುತ್ತಾರೆ. ಕಾಯಿಲೆ ಬದಲಾಗದಿದ್ದರೆ ಉತ್ತರವೂ ಹೆಚ್ಚು ಬದಲಾಗಬಾರದು.

ಇಷ್ಟಾದರೂ ಅಂಕವನ್ನು ಕಣ್ಣುಮುಚ್ಚಿ ನಂಬಲಾಗದು ಎಂಬುದು ನನ್ನ ಅಭಿಪ್ರಾಯ. ರಂಜಾನ್ ಉಪವಾಸದಲ್ಲಿ ಹಗಲು ನೀರಿಲ್ಲ, ಕುಡಿಯುವುದೆಲ್ಲ ರಾತ್ರಿಯೇ. ಆ ತಿಂಗಳು 'ರಾತ್ರಿ ಮೂತ್ರಕ್ಕೆ ಏಳುತ್ತೀರಾ?' ಎಂದರೆ ಬರುವ ಉತ್ತರವೇ ಬೇರೆ. ದಾಂಪತ್ಯದ ವಿಷಯ ಕೇಳಿದರೆ ಹೆಂಗಸರು ಆ ಜಾಗ ಖಾಲಿ ಬಿಟ್ಟಾರು. ಓದು ಬಾರದ ತಾಯಿಗೆ ಮಗನೇ ಪ್ರಶ್ನೆ ಓದಿ ಹೇಳಿದರೆ ಅವಳು 'ಏನೂ ತೊಂದರೆಯಿಲ್ಲಪ್ಪ' ಎಂದೇ ಅನ್ನುತ್ತಾಳೆ. ಟೆಹರಾನಿನ ತಾಯಿಯೂ ಅಷ್ಟೆ, ತುಮಕೂರಿನ ತಾಯಿಯೂ ಅಷ್ಟೆ.

ಆದರೂ ಇಂಥ ಪಟ್ಟಿ ಬೇಕು. ಸದ್ಯಕ್ಕೆ ಕಾದು ನೋಡೋಣವೆ, ಕಲ್ಲನ್ನು ಒಡೆಯೋಣವೆ ಎಂಬ ತೀರ್ಮಾನಕ್ಕೆ ಮಿಲಿಮೀಟರ್ ಒಂದೇ ಸಾಲದು. ಚಾಲಕನಿಗೋ, ಇಡೀ ದಿನ ನಿಂತು ಪಾಠ ಹೇಳುವ ಶಿಕ್ಷಕಿಗೋ 'ಯಾವಾಗ ನೋವು ಬಂದೀತೋ' ಎಂಬ ಅಂಜಿಕೆಯೇ ಅರ್ಧ ಕಾಯಿಲೆ. ವೈದ್ಯರಿಗೆ ಪುರುಸೊತ್ತಿಲ್ಲ ಎಂಬ ನೆಪ ಬೇಡ. ಸರದಿಗಾಗಿ ಕಾಯುವ ಹೊತ್ತಿನಲ್ಲೇ ಇದನ್ನು ತುಂಬಬಹುದು.

ನಿಮಗೂ ಕಲ್ಲಿನ ತೊಂದರೆಯಿದ್ದರೆ ಕಳೆದ ತಿಂಗಳು ಎಷ್ಟು ರಾತ್ರಿ ನಿದ್ರೆ ಕೆಟ್ಟಿತು, ಎಷ್ಟು ದಿನ ಕೆಲಸ ತಪ್ಪಿತು, ಯಾವ ಪ್ರಯಾಣ ಕೈಬಿಟ್ಟಿರಿ ಎಂದು ಚೀಟಿಯಲ್ಲಿ ಬರೆದು, ಸ್ಕ್ಯಾನ್ ವರದಿಯ ಜೊತೆ ವೈದ್ಯರ ಮುಂದಿಡಿ. ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಚೀಟಿ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.