ಕಾಲು ಉಳೀತು, ನಡಿಗೆ ಉಳೀತೇನು?

ರಾಶಿ ಮಷಿನ್ನು, ರೋಟಾವೇಟರ್, ಟ್ರೇಲರ್ ನಮ್ಮ ಎರಿ ಹೊಲಕ್ಕೆ ಬಂದ ಮೇಲೆ ಕೆಲಸ ಹಗುರಾಯಿತು, ಖರೆ. ಆದರೆ ಅವುಗಳಿಗೆ ಸಿಕ್ಕಿ ಮೊಣಕಾಲ ಕೆಳಗೆ ಎಲುಬು ಚೂರಾಗಿ, ಮಾಂಸ ಹರಿದು, ಮಣ್ಣು ಹೊಕ್ಕು ಆಸ್ಪತ್ರೆ ಸೇರುವವರೂ ಇದ್ದಾರೆ. ಅಲ್ಲಿ ಡಾಕ್ಟರು ಕೇಳುತ್ತಾರೆ: ಕಾಲು ಉಳಿಸೋಣವೋ, ತೆಗೆಯೋಣವೋ? ಮನೆಮಂದಿಯದು ಒಂದೇ ಉತ್ತರ: "ಏನರ ಮಾಡ್ರಿ ಸಾಹೇಬ್ರ, ಕಾಲು ಮಾತ್ರ ಕಡೀಬ್ಯಾಡ್ರಿ." ಹೀಗೆ ಹೇಳುವ ಮುಂಚೆ ನಾವು ಕೆಲವು ಪ್ರಶ್ನೆ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ತಾಂಬಾ ಸುತ್ತ ಇಂಥ ಇಬ್ಬರನ್ನು ಹತ್ತಿರದಿಂದ ಬಲ್ಲೆ. ಇಬ್ಬರೂ ಮಳಿ ನಂಬಿ ಒಕ್ಕಲುತನ ಮಾಡುವವರು. ಒಬ್ಬನ ಕಾಲು ಉಳಿಯಿತು. ಆರು ಸಲ ಆಪರೇಶನ್, ಎರಡು ವರ್ಷ ಮನೆಯಲ್ಲೇ, ಖರ್ಚಿಗೆ ಎರಡು ಎಕರೆ ಹೋಯಿತು. ಗಾಯದಿಂದ ಇನ್ನೂ ಕೀವು ಒಸರುತ್ತದೆ, ಬದು ದಾಟಲಾಗದು. ಇನ್ನೊಬ್ಬನಿಗೆ ಮೊಣಕಾಲ ಕೆಳಗೆ ತೆಗೆದರು. ಅವನವ್ವ ಎಷ್ಟೋ ದಿನ ಅತ್ತಳು. ಈಗ ಅವನು ಜೈಪುರ ಕಾಲು ಹಾಕಿಕೊಂಡು ತೊಗರಿ ಸಾಲಿನಲ್ಲಿ ಕಳೆ ತೆಗೆಯುತ್ತಾನೆ.

ಹಾಗಂತ ಕಡಿಸುವುದೇ ಮೇಲು ಅನ್ನೋದಿಲ್ಲ. ಅಮೆರಿಕದ 8 ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಗಾಯದ 569 ಮಂದಿಯನ್ನು ಎರಡು ವರ್ಷ ಗಮನಿಸಿ 2002ರಲ್ಲಿ ವರದಿ ಕೊಟ್ಟರು. ಕಾಲು ಉಳಿಸಿಕೊಂಡವರು, ತೆಗೆಸಿದವರು, ಇಬ್ಬರ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ. ಎರಡೂ ಕಡೆ ಕೆಲಸಕ್ಕೆ ಮರಳಿದವರು ಸುಮಾರು ಅರ್ಧ. ಆದರೆ ತೊಂದರೆಯಾಗಿ ಮತ್ತೆ ಆಸ್ಪತ್ರೆ ಸೇರಿದವರು ಉಳಿಸಿಕೊಂಡವರಲ್ಲಿ ನೂರಕ್ಕೆ 48, ತೆಗೆಸಿದವರಲ್ಲಿ 34. ಆಸರೆಗೆ ಮಂದಿ ಇಲ್ಲದವರು, ಬೀಡಿ-ಸಿಗರೇಟು ಸೇದುವವರು ಎರಡೂ ಕಡೆ ಹಿಂದೆ ಬಿದ್ದರು.

ನಮ್ಮ ದೇಶದಲ್ಲೂ ಇದಕ್ಕೊಂದು ಅಳತೆ ಇದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. ರಕ್ತ ಹರಿವು ಇರುವ ಕಾಲಿಗೆ ಇದು ಅನ್ವಯ. ಚರ್ಮ, ಎಲುಬು, ಮಾಂಸಕ್ಕೆ ಎಷ್ಟು ಪೆಟ್ಟು ಅಂತ ಅಂಕ ಹಾಕುತ್ತಾರೆ. 14ರ ತನಕ ಉಳಿಸಬಹುದು, 17 ಮತ್ತು ಮೇಲಾದರೆ ಸಾಮಾನ್ಯವಾಗಿ ತೆಗೆಯುವುದೇ ದಾರಿ, ನಡುವಿನದು ವಿಚಾರ ಮಾಡಿ ತೀರ್ಮಾನಿಸುವಂಥದ್ದು. ಹೊಲ-ಕೊಟ್ಟಿಗೆಯ ಹೊಲಸು ಸೇರಿದ ಗಾಯಕ್ಕೆ 2 ಅಂಕ ಹೆಚ್ಚು. ಗಾಯ ಸ್ವಚ್ಛ ಮಾಡಲು 12 ತಾಸು ಮೀರಿದರೆ ಮತ್ತೆ 2. ಅಂದರೆ ನಮ್ಮಂಥವರ ಗಾಯ ಮೊದಲೇ ಭಾರ, ತಡ ಮಾಡಿದರೆ ಇನ್ನೂ ಭಾರ.

ಆದ್ದರಿಂದ ಡಾಕ್ಟರಿಗೆ ಕೇಳಿ: ಒಟ್ಟು ಎಷ್ಟು ಆಪರೇಶನ್? ಹೊಲಕ್ಕೆ ಇಳಿಯಲು ಎಷ್ಟು ತಿಂಗಳು? ಆಮ್ಯಾಗ ಪಾದಕ್ಕೆ ಸ್ಪರ್ಶ ಬರುತ್ತದೋ? ತೆಗೆಯುವುದಾದರೆ ಮೊಣಕಾಲು ಉಳಿಯುತ್ತದೋ? ಈ ಕೊನೆಯ ಪ್ರಶ್ನೆ ಬಹಳ ದೊಡ್ಡದು. ಮೊಣಕಾಲು ಉಳಿದವನಿಗೆ ಕೃತಕ ಕಾಲಿನ ನಡಿಗೆ ಬಹಳ ಹಗುರ. ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳುವುದೂ ಅಪಮಾನವಲ್ಲ. ಗಾಯಗೊಂಡವನಿಗೆ ಎಚ್ಚರ ಇದ್ದರೆ ಅವನನ್ನೇ ಮೊದಲು ಕೇಳಿ. ಕಾಲು ಅವನದು, ಅಣ್ಣತಮ್ಮಂದಿರದಲ್ಲ.

ಜೈಪುರ ಕಾಲನ್ನು 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾ. ಪಿ.ಕೆ. ಸೇಥಿ ರೂಪಿಸಿದರು. ರಬ್ಬರಿನ ಪಾದ, ಬೂಟು ಬೇಕಿಲ್ಲ. ಬರಿಗಾಲಿನಂತೆ ಕೆಸರಿನಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂಡಬಹುದು. 1975ರಲ್ಲಿ ಆರಂಭವಾದ ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಪುಕ್ಕಟೆ ಕೊಡುತ್ತದೆ. 1981ರ ಅಪಘಾತದಲ್ಲಿ ಕಾಲು ಕಳಕೊಂಡ ಸುಧಾ ಚಂದ್ರನ್ ಇದೇ ಕಾಲಿನಲ್ಲಿ ಮತ್ತೆ ಭರತನಾಟ್ಯ ಮಾಡಿದರು. ನಮಗೆ ಕುಣಿಯೋದು ಬೇಡ, ಸಾಲು ಹಿಡಿದು ನಡೆದರೆ ಸಾಕು.

ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬೀಮಾದಲ್ಲಿ ಅಪಘಾತದಿಂದ ಒಂದು ಪಾದ ಪೂರ್ತಿ ಹೋದರೆ 1 ಲಕ್ಷ. 18ರಿಂದ 70ರ ವಯಸ್ಸಿನವರು ಮಾಡಿಸಬಹುದು. ಒಂದು ಚಹಾ-ಭಜಿ ಖರ್ಚು, ಇವತ್ತೇ ಮಾಡಿಸಿರಿ.

ಇನ್ನು ಗಾಯವಾದ ಹೊತ್ತು. ರಕ್ತ ಹರಿಯದ ಮಾಂಸ ಆರು ತಾಸಿನೊಳಗೇ ಸಾಯತೊಡಗುತ್ತದೆ. ಅರಿಷಿಣ, ಆಯಿಲ್, ಮಣ್ಣು ಏನೂ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿದರೂ ರಕ್ತ ನಿಲ್ಲದಿದ್ದರೆ ಮಾತ್ರ ಗಾಯದ ಮೇಲ್ಗಡೆ ಅಗಲ ಬಟ್ಟೆ ಬಿಗಿದು, ಬಿಗಿದ ವೇಳೆ ಬರೆದಿಡಿ. 108ಕ್ಕೆ ಫೋನ್ ಮಾಡಿ, ಎಲುಬು ಮತ್ತು ಚರ್ಮ ಎರಡನ್ನೂ ನೋಡುವ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಗೇ ಒಯ್ಯಿರಿ. ಎಲುಬು ಕಟ್ಟುವವರ ಹತ್ತಿರ ಕಳೆದ ತಾಸು ತಿರುಗಿ ಬರೋದಿಲ್ಲ.

ಉಳಿಸಬಹುದಾದ ಕಾಲನ್ನು ಖಂಡಿತ ಉಳಿಸೋಣ. ಆದರೆ ಉಳಿಸಿದ ಕಾಲು ಮನುಷ್ಯನನ್ನು ಹೊಲಕ್ಕೆ ಒಯ್ಯಬೇಕೇ ಹೊರತು ಹೊಲವನ್ನೇ ಒಯ್ಯಬಾರದು.