ಸೊಸೆಯ ಮಾತಿಗೂ ಕಿವಿಯಿರಲಿ

ಹಳ್ಳಿ ಬಿಟ್ಟು ಕೆಂಗೇರಿ ಉಪನಗರದಲ್ಲಿ ಮಗನ ಮನೆ ಸೇರಿದ ಹಿರಿಯರಿಂದ ನಾವು ಮತ್ತೆ ಮತ್ತೆ ಕೇಳುವ ಕೊರಗು ಒಂದೇ: 'ಮಗ ಹೆಂಡತಿಯ ಮಾತು ಕೇಳುತ್ತಾನೆ.' ಹೊಲ ಮಾರಿ ಮನೆ ಕಟ್ಟಿಸಿಕೊಟ್ಟವರಿಗೆ ಈ ನೋವು ಸಹಜವೇ. ಆದರೆ ಹೆಂಡತಿಯ ಮಾತು ಕೇಳುವುದೇ ತಪ್ಪೇ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದರಂತೆ. ಮಡದಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಅದಕ್ಕಾಗಿ ಅವರನ್ನು ಯಾರೂ ಹೆಂಡತಿಯ ಗುಲಾಮರೆನ್ನುವುದಿಲ್ಲ. ಇಬ್ಬರನ್ನೂ ನಾಡು ಶರಣರೆಂದೇ ಗೌರವಿಸುತ್ತದೆ. ಸೊಸೆ ಹೇಳಿದಳೆಂಬ ಕಾರಣಕ್ಕೆ ಒಳ್ಳೆಯ ಮಾತನ್ನು ತಳ್ಳಬೇಡಿ.

ಮಗ, ಸೊಸೆಯರಿಗೂ ಒಂದು ಮಾತು. ನೀವು ದುಡಿಯಲು ಹೊರಟ ಮೇಲೆ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೆತ್ತವರು ಮನೆಯ ಆಳುಗಳಲ್ಲ. ಅವರ ಪೋಷಣೆಗೆಂದು 2007ರಲ್ಲಿ ಕಾಯ್ದೆಯೇ ಬಂದಿದೆ. ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಬರೆದುಕೊಟ್ಟ ದಾನಪತ್ರವನ್ನು, ಮಕ್ಕಳು ಕೈಬಿಟ್ಟರೆ, ಅದರ 23ನೆಯ ಕಲಮಿನಂತೆ ರದ್ದುಪಡಿಸಲು ಅವಕಾಶವಿದೆ. ಆಸ್ತಿ ಬರೆದುಕೊಡುವ ಹಿರಿಯರು ಆ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಲೇಸು.

ಆದರೂ ನ್ಯಾಯಮಂಡಳಿ ಜೀವನಾಂಶ ಕೊಡಿಸೀತೇ ಹೊರತು ಪ್ರೀತಿಯನ್ನು ಕೊಡಿಸಲಾರದು. ಸದ್ಭಕ್ತರೇ, ದಿನಕ್ಕೊಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಬಡಿಸುವ ಸೊಸೆಗೂ ಆ ಪಂಕ್ತಿಯಲ್ಲಿ ಒಂದು ತಟ್ಟೆ ಇರಲಿ.