ಸಭೆಗೆ ನಡೆದು ಹೋದವನ ಮಾತು

ತಲೆಬರಹವನ್ನು ಕಂಡು, ನಾನು ಯಾವುದೋ ಪಕ್ಷದ ಪರವಾಗಿ ಮಾತನಾಡಲು ಹೊರಟಿರುವೆನೆಂದು ಗೆಳೆಯರು ಶಂಕಿಸಬಾರದು. ನಾನು ಯಾವ ಪಕ್ಷದವನೂ ಅಲ್ಲ. ಇಟ್ಟಿಗಿಯಿಂದ ಬಂದು ಬಿ.ಎ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂಡುವ ಒಬ್ಬ ಸಾಧಾರಣ ವಿದ್ಯಾರ್ಥಿ. ನನಗೆ ಎರಡು ಚಟಗಳುಂಟು: ಒಂದು ನಡೆಯುವುದು, ಇನ್ನೊಂದು ನಡೆದುದನ್ನು ಎಣಿಸುವುದು. ಮೊದಲನೆಯದನ್ನು ನಮ್ಮ ಹಿರಿಯರು ಕಲಿಸಿದರು. ಎರಡನೆಯದನ್ನು ಕಿಸೆಯಲ್ಲಿರುವ ಮೊಬೈಲು ಕಲಿಸಿತು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ನನ್ನ ವ್ರತ. ರಾತ್ರಿ ಮಲಗುವ ಹೊತ್ತಿಗೆ 9,600 ಆಗಿದ್ದರೆ, ಉಳಿದ ನಾನ್ನೂರು ಹೆಜ್ಜೆಗಳನ್ನು ಹಾಸ್ಟೆಲಿನ ಮೊಗಸಾಲೆಯಲ್ಲಿ ಅತ್ತಿಂದಿತ್ತ ತಿರುಗಿ ಮುಗಿಸುತ್ತಿದ್ದೆ. ಕೋಣೆಯ ಗೆಳೆಯರು ನನ್ನನ್ನು 'ಗಾಣದ ಎತ್ತು' ಎಂದು ಕರೆದುದುಂಟು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತೆಂದು ಆಮೇಲೆ ತಿಳಿಯಿತು. ಈ ಹತ್ತು ಸಾವಿರದ ಲೆಕ್ಕವನ್ನು ಮೊದಲು ಹೇಳಿದವರು ವೈದ್ಯರಲ್ಲ. ಟೋಕಿಯೋದಲ್ಲಿ 1964ರಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದ ಬಳಿಕ, 1965ರಲ್ಲಿ ಜಪಾನಿನ ಒಂದು ಕಂಪೆನಿಯು ಹೆಜ್ಜೆ ಎಣಿಸುವ ಉಪಕರಣವನ್ನು ಮಾರಾಟಕ್ಕೆ ತಂದಿತು. ಅದರ ಹೆಸರೇ 'ಮಾನ್‌ಪೊ-ಕೇ', ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಮೆರಿಕದಲ್ಲಿ ವಯಸ್ಸಾದ ಮಹಿಳೆಯರನ್ನು ಕುರಿತು ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 7,500 ಹೆಜ್ಜೆಗಳಾಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಂಗಡಿಯವನು ಹೇಳಿದ ಸಂಖ್ಯೆಯನ್ನು ನಾನು ಆರೋಗ್ಯದ ಸೂತ್ರವೆಂದು ನಂಬಿ ಮೊಗಸಾಲೆಯಲ್ಲಿ ತಿರುಗುತ್ತಿದ್ದೆನಷ್ಟೆ!

ಸಂಖ್ಯೆಗಳನ್ನು ಕುರಿತು ಇನ್ನೊಂದು ಪಾಠವನ್ನು ನಾನು ಕಲಿತುದು 2024ರ ಲೋಕಸಭಾ ಚುನಾವಣೆಯಲ್ಲಿ. ಅದು ನನ್ನ ಮೊದಲನೆಯ ಮತ. ಏಪ್ರಿಲ್ ತಿಂಗಳ ಕೊನೆಯಲ್ಲಿ ನಮ್ಮೂರಿಗೆ ಐದು ಕಿಲೋಮೀಟರು ದೂರದ ಬಯಲಿನಲ್ಲಿ ಒಂದು ಪಕ್ಷದ ಬಹಿರಂಗ ಸಭೆ ಏರ್ಪಟ್ಟಿತ್ತು. ದೊಡ್ಡವರ ಭಾಷಣವನ್ನು ಸ್ವಂತ ಕಿವಿಯಿಂದ ಕೇಳಬೇಕೆಂಬ ಆಸೆ ನನಗಿತ್ತು. ಹೋಗಿ ಬಂದರೆ ಸುಮಾರು 13,500 ಹೆಜ್ಜೆಗಳಾಗುವುವೆಂಬ ಆಸೆಯೂ ಇತ್ತೆಂಬುದನ್ನು ಮುಚ್ಚಿಡಲಾರೆ.

ಬಿಸಿಲು ಇಳಿಯುವ ಮೊದಲೇ ಹೊರಟೆ. ದಾರಿಯುದ್ದಕ್ಕೂ ಟ್ರ್ಯಾಕ್ಟರುಗಳು, ಟೆಂಪೋಗಳು ಜನರನ್ನು ತುಂಬಿಕೊಂಡು ನನ್ನನ್ನು ಹಿಂದಿಕ್ಕಿ ಧೂಳೆಬ್ಬಿಸುತ್ತ ಹೋದವು. ಅವುಗಳಲ್ಲೊಂದರಲ್ಲಿ ನನ್ನ ಚಿಗವ್ವ ಕುಳಿತಿದ್ದಳು! ಅವಳ ಕೈಯಲ್ಲಿ ಪಕ್ಷದ ಬಾವುಟ. ನನ್ನನ್ನು ಕಂಡು ನಕ್ಕಳು. ನನಗೆ ನಗೆ ಬರಲಿಲ್ಲ.

ನಾಲ್ಕು ಗಂಟೆಗೆ ಬರಬೇಕಾಗಿದ್ದ ಮುಖಂಡರು ಏಳಾದರೂ ಬರಲಿಲ್ಲ. ಅಷ್ಟರಲ್ಲಿ ವೇದಿಕೆಯಿಂದ ಒಬ್ಬರು, 'ಇಲ್ಲಿ ಲಕ್ಷ ಜನ ಸೇರಿದ್ದೀರಿ' ಎಂದು ಘೋಷಿಸಿದರು. ನನಗೆ ಎಣಿಸುವ ಚಟವಿರುವುದರಿಂದ ಕುರ್ಚಿಗಳ ಸಾಲುಗಳನ್ನು ಎಣಿಸಿದೆ. ನಿಂತವರನ್ನು ಧಾರಾಳವಾಗಿ ಸೇರಿಸಿಕೊಂಡೆ. ಎಷ್ಟು ಉದಾರವಾಗಿ ಎಣಿಸಿದರೂ ಎಂಟು ಸಾವಿರವನ್ನು ದಾಟಲಿಲ್ಲ. ಹತ್ತು ಸಾವಿರ ಹೆಜ್ಜೆಯ ಅಂಗಡಿಯವನು ನನಗೆ ಆಗ ನೆನಪಾದನು.

ಎಂಟಕ್ಕೆ ಭಾಷಣ ಮೊದಲಾಯಿತು. ಅರ್ಧ ಗಂಟೆ ಕೇಳಿದೆ. ಎದುರು ಪಕ್ಷದವರನ್ನು ಬೈದುದೇ ಹೆಚ್ಚು; ನಮ್ಮ ಕಡೆಯ ನೀರಿನ ಮಾತು, ಮಳೆ ನಂಬಿದ ಹೊಲಗಳ ಮಾತು ಒಂದೂ ಬರಲಿಲ್ಲ. ಕೇಳಿದ್ದು ಸಾಕೆನಿಸಿ ಎದ್ದೆ. ಚಿಗವ್ವನಿಗೆ ಬಿಸಿಲಿನಿಂದ ತಲೆ ಸುತ್ತು ಬಂದಿತ್ತು. ಎಮ್ಮೆ ಹಿಂಡುವ ಹೊತ್ತೂ ಮೀರಿತ್ತು. 'ಗಾಡಿ ಬಿಡ್ರಪಾ' ಎಂದು ಅವಳು ಅಂಗಲಾಚಿದರೂ, ಮುಖಂಡರು ಹೊರಡುವ ತನಕ ಗಾಡಿ ಹೊರಡುವಂತಿಲ್ಲವೆಂದು ಕರೆತಂದವರು ಹೇಳಿಬಿಟ್ಟರು. ಕತ್ತಲೆಯಲ್ಲಿ ನನ್ನೊಡನೆ ಐದು ಕಿಲೋಮೀಟರು ನಡೆಯುವ ಶಕ್ತಿ ಅವಳಿಗಿರಲಿಲ್ಲ. ನೀರು ಕುಡಿಸಿ, ಪಕ್ಕದ ಮನೆಯ ಹೆಂಗಸಿಗೆ ಒಪ್ಪಿಸಿ, ಎಮ್ಮೆಯನ್ನು ನೋಡಿಕೊಳ್ಳಲು ನಾನು ಊರಿಗೆ ಧಾವಿಸಿದೆ. ಅವಳು ಮನೆ ಸೇರಿದಾಗ ರಾತ್ರಿ ಹನ್ನೊಂದಾಗಿತ್ತು.

ಮರುದಿನ ಬೆಳಿಗ್ಗೆ, ಓದಿದವನೆಂಬ ಜಂಬದಿಂದ, 'ಕೂಲಿ ಕೊಟ್ರ ಯಾರ ಸಭಾಕ್ಕಾದ್ರೂ ಹೋಗ್ತಿಯೇನು ಚಿಗವ್ವಾ?' ಎಂದು ಕೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: 'ನೀನು ಹೆಜ್ಜಿ ಎಣಿಸಾಕ ನಡಿಯಾಂವ, ನಾವು ಹೊಟ್ಟಿಗಾಗಿ ನಡಿಯಾರು. ಈ ಬ್ಯಾಸಗಿಯಾಗ ಹೊಲದಾಗ ಏನ್ ಕೆಲಸ ಐತಿ ಹೇಳು? ನಾ ಗಾಡಿ ಹತ್ತಿದ್ದು ಖರೆ. ನನ್ನ ಓಟು ಗಾಡಿ ಹತ್ತಿಲ್ಲ.'

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೂಲಿಗಾಗಿ ಸಭೆಗೆ ಹೋಗುವವರನ್ನು ಮತ ಮಾರಿಕೊಂಡವರೆಂದು ಹಳಿಯುವುದು ನಮ್ಮಂಥವರ ರೂಢಿ. ಅದು ಅನ್ಯಾಯವೆಂದು ಅಂದಿನಿಂದ ನಂಬಿದ್ದೇನೆ. ಆದರೆ ಚಿಗವ್ವ ಕಳೆದುಕೊಂಡುದು ಏನೂ ಇಲ್ಲವೇ? ಇದೆ. ಸಾಕೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯವನ್ನು ಅವಳು ಆ ಸಂಜೆ ಕಳೆದುಕೊಂಡಳು. ಕಾಲ್ನಡಿಗೆಯಲ್ಲಿ ಬಂದವನಿಗೆ ಆ ಸ್ವಾತಂತ್ರ್ಯ ಉಳಿದಿರುತ್ತದೆ. ಗಾಡಿಯಲ್ಲಿ ಬಂದವನು ಬೇಸರವಾದರೂ ಲೆಕ್ಕಕ್ಕೆ ತಲೆಯಾಗಿ ಕುಳಿತಿರಬೇಕು. ಮುಖಂಡನಿಗೂ ಇದರಿಂದ ನಷ್ಟವೇ. ಏಳಲಾಗದೆ ಕುಳಿತವರನ್ನು ಕಂಡು ಆತ ತನ್ನ ಮಾತು ರುಚಿಸಿತೆಂದು ಭ್ರಮಿಸುತ್ತಾನೆ.

ನಮ್ಮ ಕಾನೂನು ಈ ಮಾತನ್ನು ಅರ್ಧ ಅರಿತಿದೆ. ಅಭ್ಯರ್ಥಿಯ ಕಡೆಯವರು ಮತದಾರರನ್ನು ವಾಹನದಲ್ಲಿ ಪುಕ್ಕಟೆಯಾಗಿ ಮತಗಟ್ಟೆಗೆ ಸಾಗಿಸುವುದು 1951ರ ಜನಪ್ರಾತಿನಿಧ್ಯ ಕಾಯಿದೆಯ 123ನೆಯ ಕಲಮಿನ ಮೇರೆಗೆ ಭ್ರಷ್ಟ ಆಚರಣೆ. ಮತದಾರನು 2 ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬೇಕಾಗದಂತೆ ಮತಗಟ್ಟೆಗಳಿರಬೇಕೆಂಬುದು ಚುನಾವಣಾ ಆಯೋಗದ ಧೋರಣೆ. ಎಂದರೆ, ಮತ ಹಾಕಲು ಮನುಷ್ಯನು ತನ್ನ ಕಾಲ ಮೇಲೆ ಬರಬೇಕೆಂಬ ಭಾವನೆ ಇದರಲ್ಲಿದೆ. ಸಭೆಗೆ ಜನರನ್ನು ಸಾಗಿಸಿದರೋ, ಅದು ಕೇವಲ ಖರ್ಚಿನ ಲೆಕ್ಕ. ಲೋಕಸಭೆಯ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ 2024ರಲ್ಲಿದ್ದ ವೆಚ್ಚದ ಮಿತಿ 95 ಲಕ್ಷ ರೂಪಾಯಿ. ಅದರೊಳಗೆ ಬರೆದರೆ ಮುಗಿಯಿತು.

ನಡಿಗೆಯ ಮಹಿಮೆಯನ್ನು ಮುಖಂಡರು ಅರಿಯದವರೇನೂ ಅಲ್ಲ. ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು ದಂಡಿಯವರೆಗೆ ನಡೆದುದು ಸುಮಾರು 385 ಕಿಲೋಮೀಟರು. ನನ್ನ ಹೆಜ್ಜೆಯ ಅಳತೆಯಲ್ಲಿ ಅದು ಐದು ಲಕ್ಷಕ್ಕೂ ಮೇಲೆ. ಅವರೊಡನೆ ಹೆಜ್ಜೆ ಹಾಕಿದ ಕನ್ನಡಿಗ, ನಮಗೆ ತುಂಗಭದ್ರೆಯ ಆಚೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. ಅವರನ್ನು ಯಾರೂ ಗಾಡಿಯಲ್ಲಿ ತುಂಬಿ ತಂದಿರಲಿಲ್ಲ. ಇತ್ತೀಚೆಗೂ ಅಕ್ರಮ ಗಣಿಗಾರಿಕೆಯನ್ನು ವಿರೋಧಿಸಿ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಕಾಂಗ್ರೆಸ್ಸಿನವರು ನಡೆದರು. 2022ರ ಅಕ್ಟೋಬರಿನಲ್ಲಿ ಅವರದೇ ಭಾರತ ಜೋಡೋ ಯಾತ್ರೆ ಬಳ್ಳಾರಿಯನ್ನು ಹಾಯ್ದು ಹೋಯಿತು. 2024ರ ಆಗಸ್ಟಿನಲ್ಲಿ ಭಾಜಪ, ಜನತಾದಳದವರು ಬೆಂಗಳೂರಿನಿಂದ ಮೈಸೂರಿಗೆ ನಡೆದರು. ಜನರು ತಮ್ಮನ್ನು ನಂಬಬೇಕೆನಿಸಿದಾಗ ಎಲ್ಲ ಪಕ್ಷಗಳವರೂ ಕಾರಿನಿಂದ ಇಳಿಯುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ದೂರದೂರುಗಳಿಂದ ಭಕ್ತರು ನಡೆದು ಬರುವುದನ್ನು ಕಂಡ ನಮಗೆ ಇದೇನೂ ಹೊಸತಲ್ಲ. ನಡೆದು ಬಂದವನ ಮನಸ್ಸು ಬಂದಿದೆಯೆಂದು ಎಲ್ಲರೂ ಒಪ್ಪುತ್ತಾರೆ. ತಾವು ನಡೆದಾಗ ಈ ಗೌರವವನ್ನು ಬಯಸುವವರು, ಕೇಳಲು ಬರುವ ನಮಗೂ ಅದನ್ನು ಬಿಟ್ಟುಕೊಡಬಾರದೇ?

ಎಲ್ಲರೂ ನಡೆಯಬಲ್ಲರೇ ಎಂದು ಕೇಳಬಹುದು. ಮುದುಕರು, ಅಶಕ್ತರು ನಡೆಯಲಾರರು, ನಿಜ. ಆದುದರಿಂದಲೇ ಒಂದು ಬಯಲಿನಲ್ಲಿ 'ಲಕ್ಷ'ವನ್ನು ಕೂಡಿಸುವ ಬದಲು, ಊರೂರಿನ ಕಟ್ಟೆಗೆ ಅಭ್ಯರ್ಥಿಯೇ ಬರಲಿ. ಇನ್ನೂರು ಜನ ಕುಳಿತು ಕೇಳಲಿ. ಇಬ್ಬರಾದರೂ ಎದ್ದು ಪ್ರಶ್ನಿಸಲಿ. ನಾವು ವಿದ್ಯಾರ್ಥಿಗಳಾದರೋ, ಕಾಲೂ ಇದೆ, ಬಿಡುವೂ ಇದೆ. ಎಲ್ಲ ಪಕ್ಷಗಳ ಸಭೆಗಳಿಗೂ ಹೋಗೋಣ. ಆದರೆ ನಡೆದೋ ಸೈಕಲ್ಲಿನಲ್ಲೋ ಸ್ವಂತ ಟಿಕೀಟಿನ ಬಸ್ಸಿನಲ್ಲೋ ಹೋಗೋಣ. ಕೇಳಿದ ಭರವಸೆಗಳನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳೋಣ. ಹೆಜ್ಜೆಗಳನ್ನು ಎಣಿಸುವುದಕ್ಕಿಂತ ಭರವಸೆಗಳನ್ನು ಎಣಿಸುವುದು ಒಳ್ಳೆಯ ಚಟವೆಂದು ನನ್ನ ಅಭಿಪ್ರಾಯ.

ಮೇ 7ರಂದು ಮತದಾನ. ಬೆಳಿಗ್ಗೆ ಗಾಡಿಯೊಂದು ಓಣಿಯ ಬಾಯಿಗೆ ಬಂದು ನಿಂತು, 'ಯಾರಾದ್ರೂ ಬರ್ತೀರೇನು?' ಎಂದು ಕೂಗಿತು. ಚಿಗವ್ವ ತಲೆಯ ಮೇಲೆ ಸೆರಗು ಹೊದ್ದು, 'ನಡಿ ತಮ್ಮಾ, ಹೋಗೂನು' ಎಂದಳು. ಅವಳಿಗೆ ಮಂಡಿನೋವು, ದಾರಿಯಲ್ಲಿ ಎರಡು ಸಲ ಕಟ್ಟೆಯ ಮೇಲೆ ಕುಳಿತು ಹೋದೆವು. ಯಾರಿಗೆ ಮತ ಹಾಕಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆನಾದುದರಿಂದ ಆ ದಿನದ ಹೆಜ್ಜೆಗಳ ಲೆಕ್ಕ ನನ್ನಲ್ಲಿಲ್ಲ.